ಮಂಗಲ ಹಾಡಿದ ಮೇಲೆ

ಪುರಾಣ ಕೇಳಲು ಕೂತಾಗ ಶರಣವ್ವ ಗೋಡೆಗೆ ಒರಗುತ್ತಿರಲಿಲ್ಲ. ಅಮೆರಿಕದ ಸನ್ನಿವೇಲಿನ ಮಗಳ ಮನೆಯಲ್ಲಿ ಹತ್ತು ವರ್ಷದ ಮೊಮ್ಮಗಳು ಮಾನ್ಯಾ ಶಾಲೆಯ ಪಾಠ ಒಪ್ಪಿಸುವಾಗಲೂ ಒರಗಲಿಲ್ಲ. ಸೋಫಾ ಬಿಟ್ಟು ಕಾರ್ಪೆಟ್ಟಿನ ಮೇಲೆ ಚಕ್ಕಂಬಕ್ಕಳ ಹಾಕಿ, ಸೆರಗು ತಲೆಗೆ ಎಳೆದುಕೊಂಡು, "ಹೂಂ, ಹಚ್ಚು" ಎಂದಳು.

"ಏನು ಹಚ್ಚಲಿ ಅಜ್ಜಿ? ಲೈಟಾ?"

"ಪುರಾಣ ಹಚ್ಚವಾ. ನಮ್ಮ ಕಡೆ ಪುರಾಣ ಹಚ್ಚತಾರ. ನಿಮ್ಮವ್ವ ಇದನ್ನೂ ಹೇಳಿಕೊಟ್ಟಿಲ್ಲೇನು?"

ಮಾನ್ಯಾ ಸೋಮವಾರ ತರಗತಿಯ ಮುಂದೆ ನಿಂತು ಗ್ರೀಕರ ದೇವರು ಹುಟ್ಟಿದ ಕಥೆ ಹೇಳಬೇಕಿತ್ತು. ಕೇಳಿಸಿಕೊಳ್ಳಲು ಅಪ್ಪ ಸಂತೋಷಕುಮಾರನಿಗೆ ಪುರಸೊತ್ತಿಲ್ಲ. ಅಮ್ಮ ನಿವೇದಿತಾ ಎಂಟು ತಿಂಗಳ ಬಸುರಿ; ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಎರಡು ವರ್ಷದ ಹಿಂದೆ ಏಳನೆಯ ತಿಂಗಳಲ್ಲೇ ಒಂದು ಗಂಡುಕೂಸು ಹುಟ್ಟಿ, ಕಣ್ಣು ತೆರೆಯದೆ ಹೋಗಿತ್ತು. ಆಗ ಶರಣವ್ವನಿಗೆ ವೀಸಾ ಸಿಕ್ಕಿರಲಿಲ್ಲ. ಗದಗಿನ ಮನೆಯ ಪಡಸಾಲೆಯಲ್ಲಿ ಫೋನು ಕಿವಿಗೆ ಹಿಡಿದು, ಮಗಳು ಅಳುವುದನ್ನು ಕೇಳಿಸಿಕೊಂಡಿದ್ದಳು. ಈ ಸಲದ ಕೂಸು ಉಳಿಯಬೇಕು. ಅದೊಂದಕ್ಕೇ ಅವಳು ಇಷ್ಟು ದೂರ ಬಂದದ್ದು.

ಕೇಳುವುದು ಅವಳಿಗೆ ಹುಟ್ಟಿದಾಗಿನಿಂದ ಬಂದ ಕೆಲಸ. ಅವರ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತಿತ್ತು. ಪದ್ಯ ಓದುತ್ತಿದ್ದವರು ಅವಳ ತಂದೆ ಸಂಗನಬಸಪ್ಪನವರು. ಹಾರ್ಮೋನಿಯಮ್ಮಿನ ಪಕ್ಕ ಕೂತು ಪದ್ಯಕ್ಕೊಮ್ಮೆ ಹೂಂಗುಡುವವಳು ಆರು ವರ್ಷದ ಶರಣವ್ವ. ಹೂಂ ಅನ್ನುವವರಿಲ್ಲದೆ ಪುರಾಣ ಹೇಳುವಂತಿಲ್ಲ. ಹೂಂ ಅಂದವರು ಆ ಕಥೆಗೆ ಹೊಣೆ. ಇನ್ನೊಂದು ಕಟ್ಟುಪಾಡು ಇದಕ್ಕಿಂತ ಬಿಗಿಯಾದದ್ದು. ದಿನದ ಓದನ್ನು ಸಾವಿನ ಮೇಲೆ ನಿಲ್ಲಿಸಬಾರದು. ಊರು ಉರಿದಲ್ಲಿ, ಕೂಸು ಸತ್ತಲ್ಲಿ ಪುಸ್ತಕ ಮುಚ್ಚಿದರೆ ಆ ಸಾವು ಕೇಳಿದವರ ಬೆನ್ನು ಹತ್ತಿ ಮನೆಯ ಹೊಸ್ತಿಲವರೆಗೆ ಬರುತ್ತದೆ. ಎಷ್ಟೇ ಹೊತ್ತಾಗಲಿ, ಒಂದು ಮದುವೆಯೋ ಒಂದು ಹುಟ್ಟೋ ಬರುವತನಕ ಓದಿಯೇ ಏಳಬೇಕು. ಕಥಾನಾಯಕನ ಹುಟ್ಟು ಬಂದ ದಿನವಂತೂ ಹೆಂಗಸರು ಮಠದೊಳಗೇ ತೊಟ್ಟಿಲು ಕಟ್ಟಿ ತೂಗಿ ಸಕ್ಕರೆ ಹಂಚುತ್ತಿದ್ದರು.

"ಫಸ್ಟು ಏನೂ ಇರಲಿಲ್ಲ ಅಜ್ಜಿ. ಲೈಕ್, ನಥಿಂಗ್. ಅದರ ಹೆಸರು ಕೇಯಾಸ್."

"ಬಯಲು" ಎಂದಳು ಶರಣವ್ವ, ಗುರುತಿನವರು ಎದುರಾದ ಹಾಗೆ. "ಹೂಂ. ಮುಂದ?"

"ಆಮೇಲೆ ಗೇಯಾ ಬಂದಳು. ಅರ್ಥ್. ಅವಳನ್ನ ಯಾರೂ ಮಾಡಲಿಲ್ಲ. ಶಿ ಜಸ್ಟ್ ಕೇಮ್."

"ಭೂಮಿತಾಯಿ. ತನ್ನಿಂದ ತಾನೇ ಬಂದ್ಲು. ಹೂಂ."

"ಅವಳು ಸ್ಕೈನ ಹೆತ್ತಳು. ಆಮೇಲೆ ಅವನನ್ನೇ ಮದುವೆ ಆದಳು."

"ಹೆತ್ತ ಮಗನ್ನ? ಶಿವನೇ! ಇದನ್ನ ಸಾಲ್ಯಾಗ ಕಲಸ್ತಾರೇನು ನಿಮಗ?"

"ಅಜ್ಜೀ, ಇಟ್ಸ್ ಮಿಥಾಲಜಿ!"

ಬೆಡ್‌ರೂಮಿನಿಂದ ನಿವೇದಿತಾ ನಕ್ಕಿದ್ದು ಕೇಳಿಸಿತು. "ಅವ್ವಾ, ನೀ ಸಾಲಿಗೆ ಹೋಗಿ ಟೀಚರ ಕೂಡ ಜಗಳಾ ತಗೀಬ್ಯಾಡ ಮತ್ತ."

ಬಹಳ ದಿನದ ಮೇಲೆ ಮಗಳು ನಕ್ಕದ್ದು. ಆ ನಗುವಿಗಾಗಿಯೇ ಶರಣವ್ವ ಆ ವಿಚಿತ್ರ ಮದುವೆಗೂ ಹೂಂ ಅಂದಳು. ಮದುವೆ ಬಂತಲ್ಲ, ಅಲ್ಲಿಗೆ ಆ ದಿನದ ಓದು ನಿಲ್ಲಿಸಿದಳು.

ಮರುದಿನ ಶುಕ್ರವಾರ, ಶಾಲೆಯಿಂದ ಬಂದವಳೇ ಮಾನ್ಯಾ ಬ್ಯಾಗು ಬಿಸಾಡಿ ಕೂತಳು. ಆಕಾಶದ ದೇವರಿಗೆ ತನ್ನ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಒಬ್ಬನಿಗೆ ಐವತ್ತು ತಲೆ, ನೂರು ಕೈ. ಇನ್ನೊಬ್ಬನಿಗೆ ಒಂದೇ ಕಣ್ಣು.

"ಅದಕ್ಕೆ ಅವನು ಏನು ಮಾಡಿದ ಗೊತ್ತಾ? ಹುಟ್ಟಿದ ಬೇಬೀಸನ್ನ ವಾಪಸ್ ಒಳಗೆ ತಳ್ಳಿದ. ಗೇಯಾ ಹೊಟ್ಟೆ ಒಳಗೆ. ಅವು ಹೊರಗೆ ಬರೋ ಹಾಗೇ ಇಲ್ಲ."

ಶರಣವ್ವನ ಕಣ್ಣು ಬೆಡ್‌ರೂಮಿನ ಬಾಗಿಲ ಕಡೆ ಹೊರಳಿತು. ಹೂಂ ತಡವಾಯಿತು. ಆದರೂ ಬಂತು.

"ಅವಳಿಗೆ ಸಿಕ್ಕಾಪಟ್ಟೆ ನೋವು. ಒಳಗೆ ಎಲ್ಲಾ ಮಕ್ಕಳು ಒದೀತಾ ಇದ್ದರು. ಅವಳು ನರಳಿದಳು, ಅಜ್ಜಿ, ಹೀಗೆ —"

ಮಾನ್ಯಾ ಬಾಯಿ ತೆರೆಯುವ ಮೊದಲೇ ಮನೆಯೊಳಗಿನ ಫೋನುಗಳೆಲ್ಲ ಭೂಕಂಪದ ಎಚ್ಚರಿಕೆ ಕೊಟ್ಟು ಒಟ್ಟಿಗೆ ಕಿರುಚಿದವು. ನೆಲ ಒಮ್ಮೆ ಪಕ್ಕಕ್ಕೆ ಜಗ್ಗಿದಂತಾಯಿತು. ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿದವು. ಮಾನ್ಯಾ ಶಾಲೆಯಲ್ಲಿ ಕಲಿಸಿದಂತೆ ಮೇಜಿನ ಕೆಳಗೆ ನುಸುಳಿದಳು. ನಾಲ್ಕೈದು ಉಸಿರಿನಷ್ಟು ಹೊತ್ತು, ಅಷ್ಟೇ.

"ಫೋರ್ ಪಾಯಿಂಟ್ ಸಿಕ್ಸ್. ಫ್ರೀಮಾಂಟ್ ಕಡೆ" ಎಂದು ನಿವೇದಿತಾ ಒಳಗಿನಿಂದ ಓದಿ ಹೇಳಿದಳು, ತರಕಾರಿಯ ದರ ಹೇಳುವ ದನಿಯಲ್ಲಿ. "ಏನೂ ಆಗಂಗಿಲ್ಲವ್ವ. ಇಲ್ಲಿ ಇದು ಇದ್ದದ್ದೇ."

ಏನೂ ಆಗಲಿಲ್ಲ. ಆದರೆ ಶರಣವ್ವ ಮಾನ್ಯಾಳನ್ನು ಏಳಗೊಡಲಿಲ್ಲ. ಭೂಮಿ ನರಳಿದಲ್ಲಿ ಕಥೆ ನಿಲ್ಲಿಸುವುದುಂಟೆ? ಭೂಮಿ ಕೊನೆಯ ಮಗನ ಕೈಗೆ ಕುಡುಗೋಲು ಕೊಟ್ಟಳು, ಆ ಮಗ ಕ್ರೋನಸ್ ಕತ್ತಲಲ್ಲಿ ಹೊಂಚು ಹಾಕಿ ಅಪ್ಪನನ್ನು ಕೊಯ್ದ. ("ಎಲ್ಲಿ ಕೊಯ್ದ ಅಂತ ಟೀಚರ್ ಹೇಳಲಿಲ್ಲ ಅಜ್ಜಿ. ಎಲ್ಲರೂ ಕೇಳಿದೆವು.") ಕೊನೆಗೆ ಸಮುದ್ರದ ನೊರೆಯಿಂದ ಒಬ್ಬ ಚೆಲುವೆ ಹುಟ್ಟಿ ದಡಕ್ಕೆ ಬಂದಳು. ಹುಟ್ಟು ಬಂತು. ಶರಣವ್ವ ಮೊಣಕಾಲು ಹಿಡಿದು ಎದ್ದಳು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮೂರನೆಯ ಓದು.

"ಈಗ ಕ್ರೋನಸ್ಸೇ ರಾಜ. ಆದರೆ ಅವನಿಗೆ ಒಬ್ಬರು ಹೇಳಿದರು, ನಿನ್ನ ಮಗೂನೇ ನಿನ್ನನ್ನ ಸೋಲಿಸುತ್ತೆ ಅಂತ. ಅವನು ಅಪ್ಪಂಗೆ ಮಾಡಿದ್ದನಲ್ಲ, ಹಾಗೆ. ಅದಕ್ಕೆ ಅವನು ಹೆಂಡತಿ ಪಕ್ಕ ಕೂತು ಕಾಯ್ತಿದ್ದ." ಮಾನ್ಯಾಳಿಗೆ ಇದು ಬಹಳ ಇಷ್ಟವಾದ ಭಾಗ, ಕಣ್ಣು ಅರಳಿಸಿ ಬೆರಳು ಮಡಿಸತೊಡಗಿದಳು. "ಫಸ್ಟ್ ಬೇಬಿ ಹುಟ್ಟಿತು. ಗುಳುಂ!"

"ಅಂದ್ರ?"

"ನುಂಗಿಬಿಟ್ಟ. ಹೋಲ್!"

"ಹೂಂ."

"ಸೆಕೆಂಡ್ ಬೇಬಿ. ಗುಳುಂ. ಥರ್ಡ್. ಗುಳುಂ."

ಶರಣವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಕಿ ತಾಯಿ ಏನಂತಾಳ?"

"ಅಳ್ತಾಳೆ. ಫೋರ್ತ್, ಗುಳುಂ. ಫಿಫ್ತ್ —"

"ಅವ್ವಾ" ಎಂದಳು ನಿವೇದಿತಾ.

ಜೋರಾಗಿ ಕೂಗಿದ್ದಲ್ಲ. ಮಗಳು ಅಷ್ಟು ಮೆಲ್ಲಗೆ ಕರೆದದ್ದನ್ನು ಶರಣವ್ವ ಎಂದೂ ಕೇಳಿರಲಿಲ್ಲ. ಹೋಗಿ ನೋಡಿದರೆ ಬಿಳಿ ಹಾಸಿನ ಮೇಲೆ ಅಂಗೈಯಗಲದ ಕೆಂಪು, ನೋಡನೋಡುತ್ತಿದ್ದಂತೆ ಎರಡು ಅಂಗೈಯಗಲವಾಯಿತು.

ಆಂಬ್ಯುಲೆನ್ಸು ಆರು ನಿಮಿಷದಲ್ಲಿ ಬಂತು. ನೀಲಿ ಕೈಗವಸಿನವರು ನಿವೇದಿತಾಳನ್ನು ಎತ್ತಿಕೊಂಡು ಹೋದರು. ಸಂತೋಷಕುಮಾರ ಅತ್ತೆಯನ್ನೂ ಮಗಳನ್ನೂ ಕಾರಿಗೆ ಹತ್ತಿಸಿಕೊಂಡು ಬೆನ್ನಿಗೇ ಹೊರಟ. ಫ್ರೀವೇಗೆ ಏರಿದ ಮೇಲೆ ಶರಣವ್ವನಿಗೆ ನೆನಪಾಯಿತು. ಕಥೆ ಎಲ್ಲಿ ನಿಂತಿದೆ? ಐದು ಕೂಸು ಹೊಟ್ಟೆಯೊಳಗೆ. ಹೂಂ ಅಂದವಳು ತಾನು.

ಹಿಂದಕ್ಕೆ ತಿರುಗಿದಳು. "ಮಾನ್ಯಾ, ಐದನೇದರ ಮುಂದ ಏನಾತವಾ?"

ಮಾನ್ಯಾ ಬಿಕ್ಕುತ್ತಿದ್ದಳು.

"ಅತ್ತಿ, ಈಗ ಬ್ಯಾಡ್ರಿ. ಪ್ಲೀಸ್" ಎಂದ ಸಂತೋಷಕುಮಾರ. ಶರಣವ್ವ ಮುಂದಕ್ಕೆ ತಿರುಗಿ ಕೂತಳು.

ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಇಷ್ಟು ಸುದ್ದಿ: ಮಾಸು ಹೊತ್ತಿಗೆ ಮೊದಲೇ ಕಿತ್ತುಕೊಂಡಿದೆ, ಕೂಸಿನ ಎದೆಬಡಿತ ಇಳಿಯುತ್ತಿದೆ, ಪೂರ್ತಿ ಅರಿವಳಿಕೆ ಕೊಟ್ಟು ಈಗಲೇ ಹೊಟ್ಟೆ ಕೊಯ್ಯುತ್ತಾರೆ. ಗಂಡನನ್ನೂ ಒಳಗೆ ಬಿಡಲಿಲ್ಲ. ಸಂತೋಷಕುಮಾರ ಆಪರೇಷನ್ ಕೋಣೆಯ ಮುಂದಿನ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತ. ಕಾಯುವ ಕೋಣೆಯಲ್ಲಿ ಇವರಿಬ್ಬರು. ಎದುರಿಗೆ ಟೋಪಿ ಕೈಯಲ್ಲಿ ಹಿಡಿದ ಒಬ್ಬ ಚೀನೀ ಮುದುಕ. ಕಿಟಕಿಯ ಹೊರಗೆ ಬಿಸಿಲು ನಿಚ್ಚಳವಾಗಿತ್ತು, ಪಾರ್ಕಿಂಗಿನ ಕಾರುಗಳೆಲ್ಲ ಹೊಳೆಯುತ್ತಿದ್ದವು.

"ಮಮ್ಮಿ ಸಾಯ್ತಾಳಾ?"

"ಬಿಡ್ತು ಅನ್ನು. ಕತಿ ಹೇಳು ನೀನು."

"ಐ ಡೋಂಟ್ ವಾಂಟ್ ಟು."

"ನನ್ನ ಬಂಗಾರ, ಕೇಳಿಲ್ಲೆ. ಕತೀನ ಕೆಟ್ಟ ಜಾಗಾದಾಗ ಬಿಟ್ಟು ಬಂದೀವಿ. ಕೂಸು ಅಲ್ಲೇ ಕುಂತಾವ. ಆರನೇದೇನಾತು, ಅಷ್ಟ ಹೇಳು. ಅದನ್ನೂ ನುಂಗಿದನೇನು?"

ಮಾನ್ಯಾ ಮೂಗು ಒರೆಸಿಕೊಂಡಳು. "ಇಲ್ಲ. ಅವರ ಮಮ್ಮಿ ಟ್ರಿಕ್ ಮಾಡಿದಳು. ಒಂದು ಕಲ್ಲನ್ನ ಬೇಬಿ ಬ್ಲಾಂಕೆಟ್ಟಲ್ಲಿ ಸುತ್ತಿ, ಇದೇ ಬೇಬಿ ಅಂತ ಕೊಟ್ಟಳು."

ಶರಣವ್ವನ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ, ಬಟ್ಟೆ ಸುತ್ತಿ ಅದರೊಳಗಿಟ್ಟ ಲಿಂಗಕ್ಕೆ ಹೋಯಿತು. "ಕಲ್ಲು ನುಂಗಿದನೇನು?"

"ನೋಡಲೇ ಇಲ್ಲ. ಜಸ್ಟ್, ಗುಳುಂ."

"ಹೂಂ!" ಮಧ್ಯಾಹ್ನದಿಂದ ಅವಳ ಬಾಯಿಂದ ಸಲೀಸಾಗಿ ಬಂದ ಮೊದಲ ಹೂಂ. "ಕೂಸು?"

"ಅದನ್ನ ಒಂದು ದ್ವೀಪಕ್ಕೆ ತಗೊಂಡು ಹೋಗಿ ಕೇವಲ್ಲಿ ಇಟ್ಟರು. ಅಂದರೆ, ಬೆಟ್ಟದ ಒಳಗೆ ರೂಮ್ ಇರುತ್ತಲ್ಲ..."

"ಗವಿ. ಜೀವಂತ ಐತಿ ಹೌದಲ್ಲ?"

"ಹೌದು, ಅವನೇ ಝ್ಯೂಸ್. ಬಟ್ ಅಜ್ಜಿ —"

"ಸಾಕು! ಇಲ್ಲಿಗೆ ಸಾಕು."

ಅವಸರ ಅವಳನ್ನು ಎಬ್ಬಿಸಿ ನಿಲ್ಲಿಸಿತು. ಒಳಗೆ ಚಾಕು ಹಿಡಿದಿರುವ ಹೊತ್ತಿಗೆ ಹೊರಗೆ ಹುಟ್ಟಿನ ಮೇಲೆ ಮಂಗಲವಾಗಬೇಕು. ಒಂದು ಮಾತು ಹೆಚ್ಚು ಕೇಳಲೂ ಅವಳಿಗೆ ತಾಳ್ಮೆಯಿರಲಿಲ್ಲ. ಹೊದ್ದಿದ್ದ ಶಾಲು ತೆಗೆದು ಒಂದು ತುದಿಯನ್ನು ಮಾನ್ಯಾಳ ಕೈಗೆ ಕೊಟ್ಟಳು. ಮಾನ್ಯಾಳ ಸ್ವೆಟರನ್ನು ಮಡಿಸಿ ನಡುವೆ ಇಟ್ಟಳು. ಕಾಫಿ ಯಂತ್ರದ ಪಕ್ಕದ ಬುಟ್ಟಿಯಿಂದ ಸಕ್ಕರೆಯ ಮೂರು ಪೊಟ್ಟಣ ತಂದಳು. ಮೂರು ಸಲ ತೂಗಿ, ದೇವರ ಮನೆಯಲ್ಲಿ ಹಾಡುವಷ್ಟೇ ಸಣ್ಣ ದನಿಯಲ್ಲಿ ಮಂಗಲ ಹಾಡಿದಳು. ಚೀನೀ ಮುದುಕನಿಗೂ ಒಂದು ಪೊಟ್ಟಣ ಕೊಟ್ಟಳು. ಅವನು ಎದ್ದು ನಿಂತು ಎರಡೂ ಕೈಯಲ್ಲಿ ಇಸಿದುಕೊಂಡ.

"ಆತು" ಎಂದು ಕೂತಳು. ಎದೆ ಹಗುರಾಗಿತ್ತು. "ಇನ್ನ ಚಿಂತಿಲ್ಲ."

ಮಾನ್ಯಾ ಸಕ್ಕರೆ ನೆಕ್ಕುತ್ತ ಹೇಳಿದಳು. "ಬಟ್ ನಾನು ಮುಗಿಸಿರಲಿಲ್ಲ ಅಜ್ಜಿ. ಕೇವಿನ ಹೊರಗೆ ಸೋಲ್ಜರ್ಸ್ ಇದ್ದರು. ಅವರು ಕತ್ತಿಯಿಂದ ಶೀಲ್ಡ್ ಹೊಡೀತಾನೇ ಇದ್ದರು. ಠಣ್ ಠಣ್ ಠಣ್ ಅಂತ, ಡ್ಯಾನ್ಸ್ ಮಾಡ್ತಾ."

"ಸಂಭ್ರಮಕ್ಕ."

"ಅಲ್ಲ. ಮಗು ಅಳೋದು ಯಾರಿಗೂ ಕೇಳಬಾರದು ಅಂತ. ಕೇಳಿದರೆ ಕ್ರೋನಸ್ ಬಂದುಬಿಡ್ತಾನಲ್ಲ. ಅದಕ್ಕೆ ಅವನ ಅಳು ಯಾರಿಗೂ ಕೇಳಲೇ ಇಲ್ಲ."

ಶರಣವ್ವನ ಬಾಯಿಯೊಳಗಿನ ಸಕ್ಕರೆ ಹಾಗೇ ಉಳಿಯಿತು. ಅವಳು ಕಾರಿಡಾರಿನ ಕಡೆ ಕಿವಿಗೊಟ್ಟಳು. ಅರವತ್ತು ವರ್ಷ ಕೇಳಿ ಪಳಗಿದ ಕಿವಿ. ಎಲ್ಲೋ ಒಂದು ಗಾಲಿ ಉರುಳಿತು. ಒಂದು ಬಾಗಿಲು ತೆರೆದು ಮುಚ್ಚಿಕೊಂಡಿತು. ಅಷ್ಟೇ.

ಸಂತೋಷಕುಮಾರ ಬಂದಾಗ ಗಡಿಯಾರದಲ್ಲಿ ಮೂರಾಗಿ ಹತ್ತು ನಿಮಿಷ. ಅತ್ತೆಯ ಎದುರಿಗೆ ಮಂಡಿಯೂರಿ ಕೂತ. "ನಿವೇದಿತಾ ಆರಾಮ ಇದ್ದಾಳಂತ್ರಿ. ಇನ್ನೂ ಎಚ್ಚರಾಗಿಲ್ಲ. ಗಂಡುಕೂಸು." ನೆಲ ನೋಡುತ್ತ ಮುಂದುವರಿಸಿದ. "ಅಳಲಿಲ್ಲಂತ್ರಿ ಅತ್ತಿ. ಹೊರಗ ತಗದ ಮ್ಯಾಲೆ ಅಳಲೇ ಇಲ್ಲಂತ. ಒಯ್ದಾರ. ಏನೇನೋ ಮಾಡಾಕತ್ತಾರ. ಇವತ್ತಿನ ದಿನಾ ದಾಟಬೇಕು ಅಂದ್ರು."

ಅವನು ಮತ್ತೆ ಓಡಿದ.

ಶರಣವ್ವ ನೆಟ್ಟಗೆ ಕೂತೇ ಇದ್ದಳು. ಅಳುವ ಕೂಸು ಬೇಡಿಕೊಂಡು, ಅಳು ಕೇಳಿಸದ ಜಾಗದಲ್ಲಿ ಕಥೆಗೆ ಮಂಗಲ ಹಾಡಿದ್ದಳು. ಇನ್ನು ಎರಡು ಮಾತು ಕೇಳುವಷ್ಟು ತಡೆದುಕೊಂಡಿದ್ದರೆ! ಅರ್ಧ ಪದ್ಯಕ್ಕೆ ಹೂಂ ಅಂದಾಗೊಮ್ಮೆ ಅಪ್ಪ ಹಾರ್ಮೋನಿಯಂ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಒಮ್ಮೆ ಮಂಗಲ ಹಾಡಿದ ಪುರಾಣವನ್ನು ಅದೇ ವರ್ಷ ಮತ್ತೆ ಬಿಚ್ಚುವಂತಿಲ್ಲ. ಬಿಚ್ಚಿದ್ದನ್ನು ಅವಳು ಕಂಡಿಲ್ಲ, ಕೇಳಿಲ್ಲ.

ಚೀನೀ ಮುದುಕ ಅವಳನ್ನೇ ನೋಡುತ್ತಿದ್ದ. ಸಕ್ಕರೆಯ ಪೊಟ್ಟಣ ಇನ್ನೂ ಅವನ ಮುಷ್ಟಿಯಲ್ಲಿತ್ತು.

"ಮಾನ್ಯಾ" ಎಂದಳು ಕೊನೆಗೆ. "ಆ ಗವ್ಯಾಗಿಂದ ಕೂಸು ಹೊರಗ ಬರತೈತೇನು?"

"ಬರತ್ತೆ. ದೊಡ್ಡವನಾಗಿ ಬರ್ತಾನೆ."

"ಹಂಗಾರ ಮತ್ತ ಹಚ್ಚು. ಪಾಪ ಬಂದ್ರ ನನಗ ಬರಲಿ."

ಆದರೆ ಮಾನ್ಯಾ ಬಾಯಿ ತೆರೆಯುವಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ನೋಡಬಹುದಂತೆ, ಅಕ್ಕನೂ ಬರಬಹುದಂತೆ. ಒಳಬಾಗಿಲಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದರು. ಕೈಯಲ್ಲಿ ಏನೂ ಇರಕೂಡದೆಂದು ಶರಣವ್ವನ ನಾಲ್ಕು ಬಂಗಾರದ ಬಳೆಗಳನ್ನು ಬಿಚ್ಚಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರು. ಆ ಚೀಲವನ್ನು ಸಂತೋಷಕುಮಾರ ಹಿಡಿದುಕೊಂಡ.

ಗಾಜಿನ ಪೆಟ್ಟಿಗೆಯೊಳಗೆ ಕೂಸು ಮಲಗಿತ್ತು, ಎದೆ ಒಂದು ಅಂಗೈಯಷ್ಟೇ. ಬಾಯಿಗೆ ಕೊಳವೆ, ಕೊಳವೆಯ ಮೇಲೆ ಅಂಟುಪಟ್ಟಿ. ಸುತ್ತಲೂ ಯಂತ್ರಗಳು ಒಂದರ ಮೇಲೊಂದು ಠಿಣ್ ಠಿಣ್ ಎನ್ನುತ್ತಿದ್ದವು; ಒಂದು ನಿಂತರೆ ಇನ್ನೊಂದು.

ಅಷ್ಟರಲ್ಲಿ ಕೂಸಿನ ಮುಖ ಕಿವುಚಿತು. ಹಣೆ ಸುಕ್ಕಾಯಿತು, ಗದ್ದ ನಡುಗಿತು, ಕೊಳವೆಯ ಸುತ್ತ ಬಾಯಿ ಅಗಲವಾಯಿತು. ಕೈ ಮುಷ್ಟಿ ಕಟ್ಟಿ ಮೇಲೆದ್ದಿತು. ಅದು ಅಳುತ್ತಿತ್ತು. ಮೈಯೆಲ್ಲ ಕೆಂಪಾಗುವ ಹಾಗೆ ಅಳುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

"ಕೊಳವಿ ಗಂಟಲದಾಗ ದನಿ ಹೊರಡೋ ಜಾಗಾದಾಗ ಐತಂತ್ರಿ" ಎಂದ ಸಂತೋಷಕುಮಾರ. "ಅದಿರೋತನಕ ಅತ್ತರೂ ಕೇಳಂಗಿಲ್ಲಂತ."

ನರ್ಸು ನಗುತ್ತ ಏನೋ ಅಂದಳು. ಮಾನ್ಯಾ ಅದನ್ನು ಕನ್ನಡಕ್ಕೆ ತಂದಳು. "ಅವನ ಹತ್ತಿರ ಮಾತಾಡಿ ಅಂತಿದ್ದಾಳೆ. ವಾಯ್ಸ್ ಗೊತ್ತಾಗುತ್ತಂತೆ. ನಾನು ಕಥೆ ಹೇಳಲಾ ಅಜ್ಜಿ? ನೀನು ಹೇಳು ಅಂದಿದ್ದೆಯಲ್ಲ?" ಗಾಜಿನ ಹತ್ತಿರ ಬಾಯಿ ಒಯ್ದಳು. "ಹಾಯ್ ಬೇಬಿ. ಸೋ, ಝ್ಯೂಸ್ ದೊಡ್ಡವನಾದ —"

"ತಡಿ." ಶರಣವ್ವ ಅವಳ ಭುಜ ಹಿಡಿದಳು. "ಹೊರಗ ಬಂದ ಮ್ಯಾಲೆ ಏನು ಮಾಡ್ತಾನವ?"

"ಅಪ್ಪನ ಜೊತೆ ಫೈಟ್. ಹತ್ತು ವರ್ಷ. ಗೆಲ್ತಾನೆ! ಇಟ್ಸ್ ದ ಬೆಸ್ಟ್ ಪಾರ್ಟ್."

"ಗೆದ್ದ ಮ್ಯಾಲೆ?"

"ಗೆದ್ದ ಮೇಲೆ... ಅವನಿಗೂ ಒಬ್ಬರು ಹೇಳ್ತಾರೆ. ನಿನ್ನ ಮಗ ನಿನ್ನನ್ನ ಸೋಲಿಸ್ತಾನೆ ಅಂತ. ಅದಕ್ಕೆ ಅವನು ಪ್ರೆಗ್ನೆಂಟ್ ಆಗಿರೋ ಹೆಂಡತೀನೇ ನುಂಗಿಬಿಡ್ತಾನೆ."

ಶರಣವ್ವ ಅಳಿಯನ ಮುಖ ನೋಡಿದಳು. ನಿದ್ದೆಯಿಲ್ಲದ, ಗಡ್ಡ ಬಂದ, ಒಳ್ಳೆಯ ಮುಖ. ಪೆಟ್ಟಿಗೆಯೊಳಗಿನ ಸಣ್ಣ ಗದ್ದವೂ ಅದೇ ಗದ್ದ. ಅವಳು ಕೇಳಿದ ಎಲ್ಲ ಪುರಾಣಗಳಲ್ಲೂ ಮುಂದೆ ಎಲ್ಲೋ ಒಂದು ದಡ ಇರುತ್ತಿತ್ತು. ಇದರಲ್ಲಿ ದಡವಿರಲಿಲ್ಲ. ಕೂಸು ಸುರಕ್ಷಿತವಾಗಿದ್ದ ಜಾಗ ಇಡೀ ಕಥೆಯಲ್ಲಿ ಅದೊಂದೇ, ಆ ಗವಿ, ಅದೂ ಅಳು ಕೇಳಿಸದಿರುವಷ್ಟು ಹೊತ್ತು.

"ಹೇಳಬ್ಯಾಡ" ಎಂದಳು. "ಒಂದು ಮಾತೂ ಮುಂದಕ್ಕ ಹೇಳಬ್ಯಾಡ. ಸೋಮವಾರ ಸಾಲ್ಯಾಗೂ ಬ್ಯಾಡ. ಅಂವ ಅಲ್ಲೇ ಇರಲಿ."

"ಬಟ್ ಅಜ್ಜಿ, ಇಟ್ಸ್ ಮೈ ಪ್ರೆಸೆಂಟೇಶನ್!"

"ಮಾನ್ಯಾ, ಅಜ್ಜಿ ಹೇಳಿದಂಗ ಕೇಳು" ಎಂದ ಸಂತೋಷಕುಮಾರ ಸುಸ್ತಾಗಿ, ಏನೂ ತಿಳಿಯದೆ.

ಆಗ ಒಂದು ಯಂತ್ರ ದನಿ ಏರಿಸಿ ಕೂಗತೊಡಗಿತು. ನರ್ಸು ಬಂದು ಪರದೆ ನೋಡಿ, ಕೊಳವೆ ಸರಿಮಾಡಿ, ಗುಂಡಿಯೊಂದನ್ನು ಒತ್ತಿದಳು. ಸದ್ದು ಥಟ್ಟನೆ ನಿಂತಿತು. ಪಕ್ಕದ್ದನ್ನೂ ಒತ್ತಿದಳು. ಕೋಣೆ ಗಪ್ಪಾಯಿತು. ಆ ನಿಶ್ಶಬ್ದದಲ್ಲಿ, ಗಾಜಿನ ಒಳಗೆ, ಕೂಸಿನ ಬಾಯಿ ಮತ್ತೆ ಅಗಲವಾಗತೊಡಗಿತು. ಕೊಳವೆಯ ಅಂಚಿನಿಂದ ಗಾಳಿಯ ಒಂದು ಸಣ್ಣ ಎಳೆ ಹೊರಬಿದ್ದಂತೆ, ಕೇಳಿಯೂ ಕೇಳದಂತೆ, ಶರಣವ್ವನಿಗೆ ಕೇಳಿಸಿತು.

ತನಗೆ ಕೇಳಿಸಿತೆಂದರೆ ನುಂಗುವವನಿಗೂ ಕೇಳಿಸಿತು!

"ಬಂದ್ ಮಾಡಬ್ಯಾಡ ಅನ್ನು ಆಕಿಗೆ!"

"ಏನ್ರೀ ಅತ್ತಿ?"

"ಆ ಗದ್ದಲಾ. ಬಂದ್ ಮಾಡಬ್ಯಾಡ ಅನ್ನು!"

ಅವನು ಮಿಕಮಿಕ ನೋಡಿದ. ಶರಣವ್ವ ಅವನ ಕೈಯಿಂದ ಬಳೆಯ ಚೀಲವನ್ನು ಕಿತ್ತುಕೊಂಡಳು. ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ, ತೋಳು ಸೋಲುವವರೆಗೂ ನಿಲ್ಲಿಸುವುದಿಲ್ಲವೆಂಬಂತೆ ಅದನ್ನು ಠಣ್ ಠಣ್ ಎಂದು ಅಲುಗಿಸತೊಡಗಿದಳು.